ಮಗ ಹೊಂದಿಕೊಳ್ಳುವಂಥ ಖಾಸಗಿ ಶಾಲೆ ಹುಡುಕುತ್ತಿದ್ದೇನೆ: ವಿರಾಜಪೇಟೆ, ಗೋಣಿಕೊಪ್ಪಲು, ಪೊನ್ನಂಪೇಟೆ ಕಡೆಯವರು ದಯವಿಟ್ಟು ಹೇಳಿ

ವಿರಾಜಪೇಟೆಯ ತಾಯಿ (ಜುಲೈ 11)

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ಯುಕೆಜಿಯಿಂದ ಒಂದೇ ಶಾಲೆಯಲ್ಲಿ ಓದುತ್ತಿದ್ದಾನೆ. ಶಾಲೆಯ ಹೆಸರು ಬರೆಯುವುದಿಲ್ಲ. ಒಳ್ಳೆಯ ಫಲಿತಾಂಶ, ದೊಡ್ಡ ಕಟ್ಟಡ, ದೊಡ್ಡ ಮೈದಾನ ಎಲ್ಲವೂ ಅಲ್ಲಿದೆ. ನನ್ನ ಮಗ ಮಾತ್ರ ಅಲ್ಲಿ ಇಲ್ಲದವನಂತೆ ಇದ್ದಾನೆ.

ಮನೆಯಲ್ಲಿ ಕೊಡವ ತಕ್ಕ್ ಆಡುತ್ತೇವೆ, ಕನ್ನಡವೂ ಚೆನ್ನಾಗಿ ಬರುತ್ತದೆ. ತೋಟದಲ್ಲಿ ಕಾಫಿ ಕೊಯ್ಲಿನ ದಿನಗಳಲ್ಲಿ ಕಳದ ತುಂಬ ಇವನದೇ ದನಿ. ಕೆಲಸಕ್ಕೆ ಬರುವವರ ಮಕ್ಕಳನ್ನೆಲ್ಲ ಸೇರಿಸಿಕೊಂಡು ಆಟ ಕಟ್ಟುವವನು ಇವನೇ. ಅದೇ ಹುಡುಗ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಕೆಲವೊಮ್ಮೆ ಭಾನುವಾರ ಸಂಜೆಯಿಂದಲೇ. ‘ಗಮನ ಕೊಡುವುದಿಲ್ಲ, ಕೇಳಿದ್ದೊಂದು, ಹೇಳುವುದೊಂದು’ ಎಂದು ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಳುಹಿಸುತ್ತಾರೆ. ಎತ್ತರ ಇದ್ದಾನೆಂದು ಕೊನೆಯ ಬೆಂಚಿಗೆ ಹಾಕಿದ್ದಾರೆ. ಎರಡು ವರ್ಷಗಳಿಂದ ಶಾಲೆ ಶುರುವಾದ ಮೊದಲ ನಾಲ್ಕು ತಿಂಗಳು ಹೀಗೆಯೇ ಕಳೆಯುತ್ತವೆ, ಪುತ್ತರಿ (ನವೆಂಬರ್-ಡಿಸೆಂಬರಿನ ನಮ್ಮ ಸುಗ್ಗಿ ಹಬ್ಬ) ಮುಗಿಯುವ ಹೊತ್ತಿಗೆ ಸ್ವಲ್ಪ ಸುಧಾರಿಸುತ್ತಾನೆ, ಮತ್ತೆ ಜೂನ್‌ಗೆ ಅದೇ ಕಥೆ.

ಹಾಸ್ಟೆಲಿಗೆ ಹಾಕಿದರೆ ಗಟ್ಟಿಯಾಗುತ್ತಾನೆ ಎನ್ನುವುದು ಯಜಮಾನರ ಅಭಿಪ್ರಾಯ. ನನಗೆ ಮನಸ್ಸಿಲ್ಲ. ಮಗುವನ್ನು ಮಗುವಾಗಿ ನೋಡುವ ಸಣ್ಣ ಶಾಲೆ ನಿಮ್ಮ ಕಡೆ ಇದೆಯೇ? ಅದನ್ನು ಗುರುತಿಸುವುದು ಹೇಗೆ?

ಗೋಣಿಕೊಪ್ಪಲಿನ ತಂದೆ (ಜುಲೈ 11)

ಅಕ್ಕ, ಮಗಳಿಗಾಗಿ ನಾನು ಎರಡು ಸಲ ಶಾಲೆ ಬದಲಿಸಿದವನು. ಮೊದಲನೆಯ ಸಲ ಮಾಡಿದ ತಪ್ಪನ್ನು ನೀವು ಮಾಡಬಾರದು ಎಂದು ಬರೆಯುತ್ತಿದ್ದೇನೆ.

ಆಗ ನಾನು ನೋಡಿದ್ದು ಕಚೇರಿಯ ಕೋಣೆಯನ್ನು. ಗಾಜಿನ ಬೀರುವಿನಲ್ಲಿ ಹಾಕಿ ಆಟದಲ್ಲಿ ಗೆದ್ದ ಕಪ್‌ಗಳು, ಗೋಡೆಯ ಮೇಲೆ ಹತ್ತನೇ ತರಗತಿಯಲ್ಲಿ ರ‍್ಯಾಂಕ್ ಬಂದವರ ಚಿತ್ರಗಳು. ಏಪ್ರಿಲ್ ತಿಂಗಳು, ಶಾಲೆಯಲ್ಲಿ ಮಕ್ಕಳೇ ಇರಲಿಲ್ಲ. ಮಕ್ಕಳಿಲ್ಲದ ಶಾಲೆಯನ್ನು ನೋಡಿ ಮಗಳನ್ನು ಸೇರಿಸಿ ಬಂದೆ. ಎರಡನೆಯ ಸಲ ಬುದ್ಧಿ ಬಂತು. ಶಾಲೆ ನಡೆಯುವ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ ಹೋದೆ. ಆ ಅರ್ಧ ಗಂಟೆಯಲ್ಲಿ ಎಲ್ಲ ಕಾಣುತ್ತದೆ. ಒಬ್ಬಂಟಿಯಾಗಿ ಬುತ್ತಿ ಬಿಚ್ಚುವ ಮಗು ಇದೆಯೇ? ಇದ್ದರೆ ಅದರ ಹತ್ತಿರ ಹೋಗಿ ಮಾತನಾಡಿಸುವ ಟೀಚರ್ ಇದ್ದಾರೆಯೇ? ನೀರು ಚೆಲ್ಲಿದ ಮಗುವಿಗೆ ಆಯಾ ಏನು ಹೇಳುತ್ತಾರೆ? ಮಗಳು ಈಗ ಓದುತ್ತಿರುವ ಶಾಲೆಯಲ್ಲಿ ಒಬ್ಬ ಹುಡುಗ ಸಾರು ಚೆಲ್ಲಿಕೊಂಡು ನಿಂತಿದ್ದ. ಟೀಚರ್ ತಮ್ಮ ಕರ್ಚೀಫಿನಿಂದಲೇ ಅವನ ಅಂಗಿ ಒರೆಸಿ, ಅವನ ಪಕ್ಕದಲ್ಲಿ ಕುಳಿತು ಊಟ ಮುಂದುವರಿಸಿದರು. ನಾನು ಅಂದೇ ಅರ್ಜಿ ತೆಗೆದುಕೊಂಡೆ.

ಇನ್ನೊಂದು ವಿಷಯ, ವ್ಯಾನ್. ಕಿಲೋಮೀಟರ್ ಲೆಕ್ಕ ಬೇಡ, ಗಂಟೆ ಲೆಕ್ಕ ಕೇಳಿ. ನಮ್ಮ ಮನೆಗೂ ಮೊದಲ ಶಾಲೆಗೂ ಒಂಬತ್ತು ಕಿಲೋಮೀಟರ್ ಅಷ್ಟೇ. ವ್ಯಾನ್ ಊರೆಲ್ಲ ಸುತ್ತಿ ತಲುಪಲು ಒಂದು ಗಂಟೆ ಹತ್ತು ನಿಮಿಷ. ಮಳೆಗಾಲದ ಕತ್ತಲಲ್ಲಿ ಏಳು ಗಂಟೆಗೆ ಗೇಟಿನ ಬಳಿ ನಿಲ್ಲುವ ಮಗು ಸಂಜೆ ಮನೆಗೆ ಬರುವಾಗ ಅರ್ಧ ಜೀವವಾಗಿರುತ್ತದೆ.

ಕುಶಾಲನಗರದಿಂದ (ಜುಲೈ 12)

ನಾನು ಬೇರೆ ಮಾತು ಹೇಳುತ್ತೇನೆ, ಬೇಸರಿಸಬೇಡಿ. ಮೊದಲು ಈಗಿನ ಶಾಲೆಯ ತರಗತಿ ಶಿಕ್ಷಕರ ಜೊತೆ ಕುಳಿತು ಮಾತನಾಡಿದ್ದೀರಾ? ಪೋಷಕರ ಸಭೆಯ ಐದು ನಿಮಿಷವಲ್ಲ, ಬೇರೆ ಸಮಯ ಕೇಳಿಕೊಂಡು ಅರ್ಧ ಗಂಟೆ. ನಡುವರ್ಷದಲ್ಲಿ ವರ್ಗಾವಣೆ ಪತ್ರ ತೆಗೆಯುವುದು, ಎಸ್‌ಎಟಿಎಸ್ ಸಂಖ್ಯೆಯನ್ನು (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಹೊಸ ಶಾಲೆಗೆ ಬದಲಾಯಿಸುವುದು, ಪುಸ್ತಕ, ಸಮವಸ್ತ್ರ, ಮತ್ತೊಮ್ಮೆ ಪ್ರವೇಶ ಶುಲ್ಕ, ಇವೆಲ್ಲ ಒಂದು ಕಡೆ. ಗೆಳೆಯರನ್ನು ಮತ್ತೆ ಮೊದಲಿನಿಂದ ಸಂಪಾದಿಸಬೇಕಾದ ಕಷ್ಟ ಮಗುವಿನದು. ಕಾರಣ ತಿಳಿಯದೆ ಜಾಗ ಬದಲಿಸಿದರೆ ತೊಂದರೆಯೂ ಜೊತೆಗೇ ಹೋಗುತ್ತದೆ.

ವಿರಾಜಪೇಟೆಯ ತಾಯಿ (ಜುಲೈ 12)

ಬೇಸರವಿಲ್ಲ ಸರ್. ಮಾತನಾಡಿದ್ದೇನೆ. ‘ನಲವತ್ತೆಂಟು ಮಕ್ಕಳಿದ್ದಾರೆ, ಎಲ್ಲರಿಗೂ ಹೇಳಿದ್ದನ್ನೇ ಇವನಿಗೂ ಹೇಳುತ್ತೇವೆ’ ಎಂದರು. ಅವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಆದರೆ ಮರುದಿನ ಮಗ ಮನೆಗೆ ಬಂದು, ‘ನೀನು ಟೀಚರ್ ಹತ್ತಿರ ಯಾಕೆ ಹೇಳಿದೆ? ಎಲ್ಲರೆದುರು ನಿಲ್ಲಿಸಿದರು’ ಎಂದು ಅತ್ತ. ಅಂದಿನಿಂದ ನನ್ನ ಜೊತೆಗೂ ಶಾಲೆಯ ವಿಷಯ ಆಡುತ್ತಿಲ್ಲ.

ಮಡಿಕೇರಿಯ ಅಮ್ಮ (ಜುಲೈ 12)

ಓದುತ್ತಾ ಕಣ್ಣೀರು ಬಂತು. ಎರಡನೇ ತರಗತಿಯಿಂದ ನಾಲ್ಕನೇ ತರಗತಿಯವರೆಗೆ ನನ್ನ ಮಗಳನ್ನು ‘ಸೋಮಾರಿ’ ಎಂದರು. ಅವಳಿಗೆ ಇದ್ದದ್ದು ಡಿಸ್ಲೆಕ್ಸಿಯಾ, ಬುದ್ಧಿ ಚುರುಕಾಗಿದ್ದರೂ ಓದು ಬರಹ ಕಷ್ಟವಾಗುವ ತೊಂದರೆ. ತಿಳಿಯುವ ಹೊತ್ತಿಗೆ ಅವಳೇ ತನ್ನನ್ನು ದಡ್ಡಿ ಎಂದು ನಂಬಿದ್ದಳು. ಆ ನಂಬಿಕೆಯನ್ನು ಕೀಳುವುದು ಓದು ಕಲಿಸುವುದಕ್ಕಿಂತ ಕಷ್ಟವಾಯಿತು.

ನಿಮ್ಮ ಮಗನಿಗೂ ಅದೇ ಎಂದು ಹೇಳುತ್ತಿಲ್ಲ. ಒಮ್ಮೆ ಪರೀಕ್ಷಿಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು ಸಿಗುತ್ತದೆ. ನಾವು ಶಾಲೆ ಹುಡುಕುವಾಗ ಎಲ್ಲ ಕಡೆ ಒಂದೇ ಪ್ರಶ್ನೆ ಕೇಳಿದೆವು: ‘ನಿಮ್ಮಲ್ಲಿ ಓದಲು ಕಷ್ಟಪಡುವ ಮಗು ಈಗ ಇದೆಯೇ? ಅದಕ್ಕಾಗಿ ಏನು ಮಾಡುತ್ತಿದ್ದೀರಿ?’ ‘ನಮ್ಮಲ್ಲಿ ಅಂಥ ಮಕ್ಕಳು ಇಲ್ಲ’ ಎಂದವರ ಗೇಟನ್ನು ಮತ್ತೆ ತುಳಿಯಲಿಲ್ಲ. ಅಂಥ ಮಕ್ಕಳಿಲ್ಲದ ಶಾಲೆ ಎಲ್ಲೂ ಇರುವುದಿಲ್ಲ. ಅಲ್ಲಿ ಅವರನ್ನು ಗುರುತಿಸಿಲ್ಲ, ಅಥವಾ ಹೊರಗೆ ಕಳುಹಿಸಿದ್ದಾರೆ.

ಹಾಸ್ಟೆಲಿನಲ್ಲಿ ಬೆಳೆದವನು, ನಾಪೋಕ್ಲು (ಜುಲೈ 13)

ಹಾಸ್ಟೆಲ್ ಎಂಬ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನನ್ನನ್ನು ಒಂಬತ್ತನೆಯ ವಯಸ್ಸಿಗೆ ಜಿಲ್ಲೆಯ ಹೊರಗಿನ ಹಾಸ್ಟೆಲಿಗೆ ಹಾಕಿದರು. ಅಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಿದರೆ ದಂಡ. ನಾನು ಮತ್ತು ಇನ್ನೊಬ್ಬ ಹುಡುಗ ರಾತ್ರಿ ದೀಪ ಆರಿದ ಮೇಲೆ ಕಂಬಳಿಯೊಳಗೆ ಕೊಡವ ತಕ್ಕ್‌ನಲ್ಲಿ ಪಿಸುಗುಡುತ್ತಿದ್ದೆವು. ಗಟ್ಟಿಯಾದೆ, ನಿಜ. ಆದರೆ ಪುತ್ತರಿಗೆ ಮನೆಗೆ ಬಂದಾಗ ಕದಿರು ತೆಗೆಯಲು ಗದ್ದೆಗೆ ಹೊರಟವರ ಹಿಂದೆ ನೆಂಟನಂತೆ ನಿಂತಿರುತ್ತಿದ್ದೆ. ಅಪ್ಪ ಅಮ್ಮನ ಹತ್ತಿರ ಏನು ಮಾತನಾಡಬೇಕೆಂದು ತಿಳಿಯುತ್ತಿರಲಿಲ್ಲ. ಅದು ಈಗಲೂ ಸರಿಹೋಗಿಲ್ಲ.

ಎಲ್ಲ ಹಾಸ್ಟೆಲೂ ಹಾಗಲ್ಲ. ನನ್ನ ತಂಗಿಯ ಮಗ ಕೂಡಿಗೆಯ ಸೈನಿಕ ಶಾಲೆಗೆ ತಾನೇ ಆಸೆಪಟ್ಟು ಪರೀಕ್ಷೆ ಬರೆದು ಹೋದ, ಸಂತೋಷವಾಗಿದ್ದಾನೆ. ಅಲ್ಲಿಗೂ ಗಾಳಿಬೀಡಿನ ನವೋದಯ ವಸತಿ ಶಾಲೆಗೂ ಪ್ರವೇಶ ಶುರುವಾಗುವುದು ಆರನೇ ತರಗತಿಗೆ. ನಿಮಗೆ ಇನ್ನೂ ಸಮಯವಿದೆ. ಯಜಮಾನರಿಗೆ ಇಷ್ಟು ಹೇಳಿ: ಶಾಲೆಗೆ ಹೆದರುವ ಮಗುವಿಗೆ ಸಂಜೆ ಮನೆಗೆ ಬರುತ್ತೇನೆ ಎಂಬ ಧೈರ್ಯವೊಂದೇ ಆಸರೆ. ಅದನ್ನು ಈಗ ಕಿತ್ತುಕೊಳ್ಳುವುದು ಬೇಡ.

ನಿವೃತ್ತ ಶಿಕ್ಷಕಿ, ಸೋಮವಾರಪೇಟೆ (ಜುಲೈ 13)

ತಾಯಿ, ನಿಮ್ಮ ಮೊದಲ ಬರಹವನ್ನು ಮೂರು ಸಲ ಓದಿದೆ. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಕೆಲವು ಪ್ರಶ್ನೆಗಳಿವೆ, ಯೋಚಿಸಿ ಉತ್ತರಿಸಿ.

ಜೂನ್‌ನಿಂದ ನಾಲ್ಕು ತಿಂಗಳು ಕಷ್ಟ, ಆಮೇಲೆ ಸುಧಾರಣೆ ಎಂದಿರಿ. ಅದು ನಮ್ಮ ಮಳೆಗಾಲ. ಅವನ ತರಗತಿಯ ಮಾಡು (ಚಾವಣಿ) ಹಂಚಿನದೇ, ತಾರಸಿಯೇ, ಶೀಟಿನದೇ? ಮಳೆಗಾಲದಲ್ಲಿ ಅವನಿಗೆ ಶೀತ ಬಿಡದೆ ಕಾಡುತ್ತದೆಯೇ? ಬಾಯಿ ತೆರೆದು ಮಲಗುತ್ತಾನೆಯೇ, ಗೊರಕೆ ಇದೆಯೇ? ಟಿವಿಯ ಸದ್ದು ಹೆಚ್ಚಿಸುತ್ತಾನೆಯೇ? ಹಿಂದಿನಿಂದ ಕರೆದರೆ ಒಂದೇ ಸಲಕ್ಕೆ ತಿರುಗುತ್ತಾನೆಯೇ?

ಯಾಕೆ ಕೇಳುತ್ತಿದ್ದೇನೆಂದರೆ, ‘ಕೇಳಿದ್ದೊಂದು, ಹೇಳುವುದೊಂದು’ ಎಂಬ ದೂರನ್ನು ನಾನೂ ಒಬ್ಬ ಹುಡುಗನ ಮೇಲೆ ಬರೆದಿದ್ದೆ. ಶೀಟಿನ ಮಾಡಿನ ಕೋಣೆ. ಜುಲೈ ಮಳೆ ಹೊಡೆಯುವಾಗ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಆ ಹುಡುಗನ ಕಿವಿಯ ಒಳಭಾಗದಲ್ಲಿ ದ್ರವ ತುಂಬಿತ್ತು ಎಂದು ತಿಳಿದದ್ದು ಮರುವರ್ಷ, ಬೇರೆಯವರು ಪರೀಕ್ಷೆ ಮಾಡಿಸಿದಾಗ. ಅಷ್ಟರಲ್ಲಿ ಒಂದು ವರ್ಷ ನನ್ನ ಕೈಯಿಂದ ಬೈಗುಳ ತಿಂದಿದ್ದ. ಅವನ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ.

ಕಿವಿ ತಮಟೆಯ ಹಿಂದೆ ದ್ರವ ನಿಂತರೆ ಮಗು ಪೂರ್ತಿ ಕಿವುಡಾಗುವುದಿಲ್ಲ. ಹತ್ತಿರದ ಮಾತು ಕೇಳುತ್ತದೆ, ದೂರದ್ದು ಮಬ್ಬಾಗುತ್ತದೆ. ಸಾಮಾನ್ಯವಾಗಿ ನೋವೂ ಇರುವುದಿಲ್ಲವಾದ್ದರಿಂದ ಮನೆಯವರಿಗೆ ಗೊತ್ತಾಗುವುದಿಲ್ಲ. ಒಂದು ವಾರ ಹೆಚ್ಚು, ಇನ್ನೊಂದು ವಾರ ಕಡಿಮೆ. ಹಾಗಾಗಿ ‘ಬೇಕೆಂದಾಗ ಕೇಳಿಸುತ್ತದೆ’ ಎಂಬ ಅಪವಾದ ಬೇರೆ. ಕೊನೆಯ ಬೆಂಚು, ಮೇಲೆ ಮಳೆ, ಸರಿಯಾಗಿ ಬಾರದ ಇಂಗ್ಲಿಷ್. ಮೂರೂ ಸೇರಿದರೆ ಒಂಬತ್ತು ವರ್ಷದ ಮಗು ಏನು ಮಾಡೀತು? ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ತೋರಿಸಿ. ಸಾಧ್ಯವಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೇ ಹೋಗಿ. ಕಿವಿ ಮತ್ತು ಮಾತಿನ ತೊಂದರೆಗಳಿಗೆಂದೇ 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ ಅದು, ಮಾನಸಗಂಗೋತ್ರಿಯಲ್ಲಿದೆ.

ವಿರಾಜಪೇಟೆಯ ತಾಯಿ (ಜುಲೈ 13, ರಾತ್ರಿ)

ಟೀಚರ್, ಕೈ ನಡುಗುತ್ತಿದೆ. ತರಗತಿ ಇರುವುದು ಮೇಲಿನ ಮಹಡಿಯಲ್ಲಿ, ಮಾಡಿಗೆ ಶೀಟು. ಶೀತ ಜೂನ್‌ನಿಂದ ಬಿಟ್ಟೇ ಇಲ್ಲ. ಗೊರಕೆ ಇದೆ, ಅಜ್ಜನ ಹಾಗೆ ಎಂದು ಸುಮ್ಮನಿದ್ದೆವು. ಈಗಷ್ಟೇ ಅಡುಗೆಮನೆಯಿಂದ ಮೆಲ್ಲನೆ ‘ಕಡುಬು ಬೇಕಾ?’ ಎಂದು ಕೇಳಿದೆ. ಕಡುಬು ಎಂದರೆ ಪ್ರಾಣ ಬಿಡುವವನು. ಬೆನ್ನು ಹಾಕಿ ಕುಳಿತಿದ್ದವನು ತಿರುಗಲೇ ಇಲ್ಲ.

ತೋಟದ ರೈಟರ್ (ಲೆಕ್ಕ ಬರೆಯುವವನು), ಸಿದ್ದಾಪುರ (ಜುಲೈ 15)

ಮಗುವಿನ ಕಿವಿಯ ವಿಷಯ ಬೇಗ ತಿಳಿಯಲಿ. ಶಾಲೆಯ ಬಗ್ಗೆ ನನ್ನದೂ ಒಂದು ಮಾತಿದೆ. ಮಾಲೀಕರ ಮಕ್ಕಳು ಓದುವ ಶಾಲೆಗೇ ಸಾಲ ಮಾಡಿ ಮಗಳನ್ನು ಸೇರಿಸಿದ್ದೆ. ಪಾಠದಲ್ಲಿ ಅವಳಿಗೆ ತೊಂದರೆ ಇರಲಿಲ್ಲ. ರಜೆಯಲ್ಲಿ ಎಲ್ಲಿಗೆ ಹೋಗಿದ್ದೆ, ಹುಟ್ಟುಹಬ್ಬಕ್ಕೆ ಏನು ಕೊಟ್ಟೆ ಎಂಬ ಮಾತುಗಳಲ್ಲಿ ಮಗು ಸೋತಿತು. ಮನೆ ಎಲ್ಲಿ ಎಂದು ಕೇಳಿದರೆ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಪಕ್ಕ ಎಂದು ಹೇಳಲು ನಾಚಿಕೆಪಡುವಂತಾಯಿತು. ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಸಿಗುವ ಉಚಿತ ಸೀಟಿಗೂ ಪ್ರಯತ್ನಿಸಿದ್ದೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಕೊಡುವುದಿಲ್ಲ ಎಂದು ನಮ್ಮ ರಾಜ್ಯದಲ್ಲಿ 2019ರಿಂದ ನಿಯಮ ಬದಲಾಗಿದೆ. ಈಗ ಅನುದಾನಿತ ಶಾಲೆಯಲ್ಲಿದ್ದಾಳೆ. ತರಗತಿಯಲ್ಲಿ ಮಲಯಾಳಂ, ಬ್ಯಾರಿ, ಅರೆಭಾಷೆ, ಯರವ, ತುಳು ಎಲ್ಲ ಮನೆಮಾತಿನ ಮಕ್ಕಳೂ ಇದ್ದಾರೆ. ಎಲ್ಲರಿಗೂ ಕನ್ನಡ ಸಮನಾಗಿ ಹೊಸದು. ಮೊನ್ನೆ ಗೆಳತಿಯರನ್ನು ಮನೆಗೆ ಕರೆತಂದಿದ್ದಳು. ಹಿಂದಿನ ಶಾಲೆಯ ನಾಲ್ಕು ವರ್ಷದಲ್ಲಿ ಒಬ್ಬಳನ್ನೂ ಕರೆದಿರಲಿಲ್ಲ.

ನಮ್ಮ ಮಾಲ್ದಾರೆ ಕಡೆಯವರಿಗೆ ಆನೆಯ ಭಯವೂ ಲೆಕ್ಕಕ್ಕೆ ಬರುತ್ತದೆ. ಸಂಜೆ ವ್ಯಾನ್ ತಡವಾದರೆ ತೋಟದ ರಸ್ತೆಯಲ್ಲಿ ಮಕ್ಕಳು ನಡೆದು ಬರುವಂತಿಲ್ಲ. ಮನೆಯ ಗೇಟಿನವರೆಗೆ ಬಿಡುತ್ತಾರೆಯೇ ಎಂದು ಸೇರಿಸುವ ಮೊದಲೇ ಕೇಳಿ.

ವಿರಾಜಪೇಟೆಯ ತಾಯಿ (ಆಗಸ್ಟ್ 24)

ಬಹಳ ದಿನಗಳಾದವು, ಕ್ಷಮಿಸಿ. ಮಳೆ ರಜೆಗಳ ನಡುವೆ ಮೈಸೂರಿಗೆ ಎರಡು ಸಲ ಹೋಗಿಬಂದೆವು. ಎರಡೂ ಕಿವಿಯಲ್ಲಿ ತಮಟೆಯ ಹಿಂದೆ ದ್ರವ ಇದೆ. ಶ್ರವಣ ಪರೀಕ್ಷೆಯಲ್ಲಿ ಎಡಕ್ಕೆ ಹೆಚ್ಚು, ಬಲಕ್ಕೆ ಸ್ವಲ್ಪ ಕಡಿಮೆ ತೊಂದರೆ. ಬಹಳ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ, ಕಾದು ನೋಡೋಣ, ಇಳಿಯದಿದ್ದರೆ ತಮಟೆಯಲ್ಲಿ ಸಣ್ಣ ಕೊಳವೆ ಇಡುವ ಶಸ್ತ್ರಚಿಕಿತ್ಸೆ ಇದೆ ಎಂದರು. ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿಯನ್ನೂ ನೋಡುತ್ತಿದ್ದಾರೆ. ಶಾಲೆಗೆ ಕೊಡಲು ಪತ್ರ ಬರೆದುಕೊಟ್ಟರು: ಮುಂದೆ ಕೂರಿಸಿ, ಮುಖ ನೋಡಿ ಮಾತನಾಡಿ, ಬಾಯಿಮಾತಿನಲ್ಲಿ ಹೇಳಿದ್ದನ್ನು ಬೋರ್ಡಿನ ಮೇಲೂ ಬರೆಯಿರಿ. ಮೂರೇ ಸಾಲು.

ಆ ಪತ್ರ ಹಿಡಿದು ಶಾಲೆಗೆ ಹೋದೆ. ಮುಂದಿನ ಸಾಲು ಹೆಚ್ಚು ಅಂಕ ತೆಗೆದವರಿಗೆ, ನಿಯಮ ಬದಲಿಸಿದರೆ ಉಳಿದ ಪೋಷಕರು ಕೇಳುತ್ತಾರೆ ಎಂದರು. ನಾನು ಜಗಳವಾಡಲಿಲ್ಲ. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಹಾಸ್ಟೆಲ್ ಎನ್ನುತ್ತಿದ್ದವರೇ ‘ನಾಳೆಯೇ ಬೇರೆ ಶಾಲೆ ನೋಡೋಣ’ ಎಂದರು.

ಮೂರು ಶಾಲೆ ನೋಡಿದೆವು. ಮೊದಲನೆಯದರಲ್ಲಿ ಮಗನ ಕೈಗೆ ಪ್ರಶ್ನೆಪತ್ರಿಕೆ ಕೊಟ್ಟರು. ಎರಡನೆಯದರಲ್ಲಿ ಈಜುಕೊಳ ತೋರಿಸಿದರು, ತರಗತಿ ತೋರಿಸಲಿಲ್ಲ. ಮೂರನೆಯದು ಪೊನ್ನಂಪೇಟೆ ಹತ್ತಿರದ ಸಣ್ಣ ಶಾಲೆ, ತರಗತಿಗೆ ಇಪ್ಪತ್ತೈದರೊಳಗೆ ಮಕ್ಕಳು. ಅಲ್ಲೂ ಶೀಟಿನ ಮಾಡು! ನೋಡಿದ ಕೂಡಲೇ ಎದೆ ಕುಸಿಯಿತು. ಮುಖ್ಯ ಶಿಕ್ಷಕಿಯನ್ನು ನೇರವಾಗಿ ಕೇಳಿದೆ: ‘ಮಳೆ ಜೋರಾದಾಗ ಏನು ಮಾಡುತ್ತೀರಿ?’ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ‘ಪಾಠ ನಿಲ್ಲಿಸುತ್ತೇವೆ. ಕೂಗಿ ಪ್ರಯೋಜನವಿಲ್ಲ. ಬರವಣಿಗೆ, ಚಿತ್ರ, ಲೆಕ್ಕ ಮಾಡಿಸುತ್ತೇವೆ. ಟೀಚರ್ ಒಬ್ಬೊಬ್ಬರ ಪಕ್ಕ ಹೋಗಿ ಹೇಳಿಕೊಡುತ್ತಾರೆ’ ಎಂದರು. ಹತ್ತಾರು ಮಳೆಗಾಲ ಆ ಕೋಣೆಯಲ್ಲಿ ಕಳೆದವರಿಗಷ್ಟೇ ಬರುವ ಉತ್ತರ ಅದು ಅನ್ನಿಸಿತು.

ಆಮೇಲೆ ಪತ್ರ ಓದಿದರು. ಮಗನ ಬಲಗಡೆಗೆ ಕುರ್ಚಿ ಎಳೆದುಕೊಂಡು ಕುಳಿತು, ಮನೆಯ ನಾಯಿಯ ಹೆಸರೇನು ಎಂದು ಕೊಡವ ತಕ್ಕ್‌ನಲ್ಲಿ ಕೇಳಿದರು. ಅವನು ನಾಯಿಯ ಹೆಸರು ಹೇಳಿ, ಅದು ಹಂದಿಯನ್ನು ಅಟ್ಟಿದ ಕಥೆಯನ್ನೂ ಹೇಳಿದ. ನಾನು ಆಚೆ ಮುಖ ಮಾಡಿ ಕುಳಿತೆ.

ಗೋಣಿಕೊಪ್ಪಲಿನ ತಂದೆ (ಆಗಸ್ಟ್ 24)

ಬಲಗಡೆಗೆ ಕುಳಿತರಲ್ಲ, ಅಷ್ಟು ಸಾಕು ಅಕ್ಕ. ಪತ್ರವನ್ನು ಓದಿಯೇ ಓದಿದ್ದಾರೆ.

ಮೊದಲ ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಕೊಟ್ಟರು ಎಂದಿರಿ. ಪ್ರವೇಶಕ್ಕೆಂದು ಮಗುವನ್ನಾಗಲಿ ಪೋಷಕರನ್ನಾಗಲಿ ಸೋಸಿ ನೋಡುವ ಪರೀಕ್ಷೆ ನಡೆಸಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಡೊನೇಷನ್ ವಸೂಲಿಯನ್ನು ನಿಷೇಧಿಸುವುದೂ ಅದೇ ಸೆಕ್ಷನ್. ಹಣ ಕಟ್ಟುವಾಗ ಯಾವ ಬಾಬ್ತಿಗೆ ಎಷ್ಟು ಎಂದು ಬರೆದ ರಸೀದಿ ಪಡೆಯಿರಿ.

ಕುಶಾಲನಗರದಿಂದ (ಆಗಸ್ಟ್ 25)

ಶಾಲೆ ಬದಲಿಸಬೇಡಿ ಎಂದವನು ನಾನು. ಪತ್ರ ತೋರಿಸಿದ ಮೇಲೂ ಬೆಂಚು ಬದಲಿಸದ ಕಡೆ ಇರಬೇಕಾಗಿಲ್ಲ, ನೀವು ಮಾಡಿದ್ದು ಸರಿ. ಒಂದೇ ಬೇಡಿಕೆ: ಸೇರಿಸುವ ಮೊದಲು ಮಗನನ್ನು ಒಂದು ದಿನ ಅಲ್ಲಿ ಕೂರಿಸಲು ಕೇಳಿ. ಮುಖ್ಯ ಶಿಕ್ಷಕಿ ಒಳ್ಳೆಯವರು ಸರಿ, ದಿನವಿಡೀ ಅವನ ಜೊತೆ ಇರುವವರು ತರಗತಿಯ ಟೀಚರ್ ಮತ್ತು ಆ ಮಕ್ಕಳು.

ನಿವೃತ್ತ ಶಿಕ್ಷಕಿ, ಸೋಮವಾರಪೇಟೆ (ಆಗಸ್ಟ್ 25)

ಒಪ್ಪುತ್ತೇನೆ. ಇನ್ನೊಂದು. ಎರಡು ವರ್ಷ ಅರ್ಧಂಬರ್ಧ ಕೇಳಿಸಿಕೊಂಡು ಕಲಿತಿದ್ದಾನೆ, ಕಾಗುಣಿತದಲ್ಲಿ, ಇಂಗ್ಲಿಷ್ ಪದಗಳ ಕೊನೆಯ ಅಕ್ಷರಗಳಲ್ಲಿ ತೂತುಗಳಿರುತ್ತವೆ. ಕಿವಿ ಸರಿಯಾದ ಕೂಡಲೇ ಅಂಕ ಏರುತ್ತದೆ ಎಂದು ಕಾಯಬೇಡಿ. ದಿನಕ್ಕೆ ಹತ್ತು ನಿಮಿಷ ಅವನ ಎದುರು ಕುಳಿತು ಕನ್ನಡದ ಒಂದು ಕಥೆಯನ್ನು ಗಟ್ಟಿಯಾಗಿ ಓದಿ. ಒಂದು ಪುಟ ನೀವು, ಒಂದು ಪುಟ ಅವನು.

ವಿರಾಜಪೇಟೆಯ ತಾಯಿ (ಡಿಸೆಂಬರ್ 14)

ಟೀಚರ್, ಸರ್, ಎಲ್ಲರಿಗೂ. ಸೆಪ್ಟೆಂಬರಿನಲ್ಲಿ ಒಂದು ದಿನವಲ್ಲ, ಎರಡು ದಿನ ಕೂರಿಸಿದರು. ದಸರಾ ರಜೆ ಮುಗಿದ ಮೇಲೆ ಸೇರಿಸಿದೆವು. ವ್ಯಾನ್ ಮೂವತ್ತೈದು ನಿಮಿಷ.

ಮೊದಲ ಮೂರು ವಾರ ಕಷ್ಟವಾಯಿತು, ಮುಚ್ಚಿಡುವುದಿಲ್ಲ. ಹಳೆಯ ಶಾಲೆಯ ಒಬ್ಬನೇ ಒಬ್ಬ ಗೆಳೆಯನನ್ನು ನೆನೆದು ಅತ್ತ. ಸೋಮವಾರದ ಹೊಟ್ಟೆನೋವು ಎರಡು ಸಲ ಬಂತು. ನವೆಂಬರ್‌ನಿಂದ ಇಲ್ಲ. ಬಲಕಿವಿ ಪೂರ್ತಿ ಸರಿಯಾಗಿದೆ, ಎಡಗಡೆ ಇನ್ನೂ ದ್ರವ ಇದೆ, ಜನವರಿಯಲ್ಲಿ ಮತ್ತೆ ನೋಡಿ ಕೊಳವೆಯ ಬಗ್ಗೆ ತೀರ್ಮಾನಿಸುತ್ತಾರೆ. ಇಂಗ್ಲಿಷಿನಲ್ಲಿ ಹಿಂದೆಯೇ ಇದ್ದಾನೆ. ಕನ್ನಡ ಕಥೆಯನ್ನು ಅವನೇ ಎರಡು ಪುಟ ಓದುತ್ತಾನೆ, ನನ್ನ ಸರದಿಯನ್ನೂ ಕಸಿದುಕೊಂಡು.

ಶಾಲೆಯ ಹೆಸರು ಕೇಳಿ ಸಂದೇಶ ಕಳುಹಿಸಿದವರಿಗೆಲ್ಲ ಉತ್ತರಿಸಿದ್ದೇನೆ. ಬರುವ ವರ್ಷಕ್ಕೆ ಐದನೇ ತರಗತಿಯಲ್ಲಿ ಕೆಲವೇ ಸ್ಥಳಗಳಿವೆಯಂತೆ. ಹೋಗುವವರು ಶಾಲೆ ನಡೆಯುವ ದಿನ ಹೋಗಿ.

ನಿವೃತ್ತ ಶಿಕ್ಷಕಿ, ಸೋಮವಾರಪೇಟೆ (ಡಿಸೆಂಬರ್ 14)

ಸಂತೋಷ, ತಾಯಿ. ಈಗ ಎಲ್ಲಿ ಕುಳಿತುಕೊಳ್ಳುತ್ತಾನೆ?

ವಿರಾಜಪೇಟೆಯ ತಾಯಿ (ಡಿಸೆಂಬರ್ 15)

ಮೊದಲ ಸಾಲಿನಲ್ಲೇ ಕೂರಿಸಿದ್ದರು ಟೀಚರ್. ಎರಡನೆಯ ಸಾಲಿನಲ್ಲಿ ಹೊಸ ಗೆಳೆಯನ ಎಡಗಡೆ ಕೂರುತ್ತೇನೆ, ಆಗ ಅವನು ಹೇಳುವುದು ಬಲಕಿವಿಗೆ ಬೀಳುತ್ತದೆ ಎಂದು ಇವನೇ ಹೋಗಿ ಕೇಳಿದನಂತೆ. ಒಂದು ವಾರ ಕೂರಿಸಿ ನೋಡಿದರು, ಡಿಕ್ಟೇಷನ್ ಕೊಟ್ಟು ಪರೀಕ್ಷಿಸಿದರು. ಈಗ ಅಲ್ಲೇ ಇದ್ದಾನೆ.